ಭಾವನ ಎರಡು ಗ್ರಾಂ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ, ಎಂಟನೇ ಕ್ಲಾಸಿನ ಅರ್ಧದಲ್ಲಿ. ಅಲ್ಲಿಂದೀಚೆಗೆ ಅರಸೀಕೆರೆಯಲ್ಲಿ ಕಬ್ಬಿಣ ಕಡೆಯುವ ಲೇತ್ ತಿರುಗಿಸಿ ಅನ್ನ ತಿಂದಿದ್ದೇನೆ. ನಾನು ಕಡೆದು ಕೊಟ್ಟ ಪಂಪಿನ ಶಾಫ್ಟು ವಾಪಸ್ ಬಂದ ಉದಾಹರಣೆ ಇಲ್ಲ. ಇಂಥ ನನಗೂ ಒಬ್ಬ ಮೇಷ್ಟ್ರು ಗಂಟುಬಿದ್ದರು. ಅಕ್ಕನ ಗಂಡ. ಅವರು ಕಲಿಸಿದ್ದು ಒಂದೇ ಪಾಠ: ಲೋಕದ ಸಕಲ ಕಷ್ಟಕ್ಕೂ ಕಾರಣ, ಯಾರೋ ಎಲ್ಲೋ ಎರಡು ಗ್ರಾಂ ತಪ್ಪಿದ್ದು.

ಭಾವ ರಿಟೈರಾದ ಗುಮಾಸ್ತರು. ಅವರ ಪ್ರಾಣ ಇರುವುದು ಒಂದು ಹಳೆಯ ರೆಕಾರ್ಡ್ ಪ್ಲೇಯರಿನಲ್ಲಿ. ತಟ್ಟೆ ತಿರುಗುತ್ತದೆ, ಅದರ ಮೇಲೆ ಮುಳ್ಳು ಹೊತ್ತ ಉದ್ದನೆಯ ತೋಳು. ತೋಳಿನ ಬಾಲದಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಎದುರು ತೂಕ. ಅದನ್ನು ತಿರುಗಿಸಿ ಹಿಂದೆ ಮುಂದೆ ಸರಿಸುತ್ತ, ಮೊದಲು ತೋಳು ಮೇಲಕ್ಕೂ ಏಳದೆ ಕೆಳಕ್ಕೂ ಬೀಳದೆ ಗಾಳಿಯಲ್ಲಿ ತೇಲುವಂತೆ ಮಾಡಬೇಕು. ಆಮೇಲೆ ಒಂದಿಷ್ಟೇ ಮುಂದಕ್ಕೆ. ಮುಳ್ಳಿನ ಭಾರ ಎರಡು ಗ್ರಾಂ. ಹೆಚ್ಚಾದರೆ ಮುಳ್ಳು ರೆಕಾರ್ಡನ್ನು ಉಳುತ್ತದೆ, ಕಡಿಮೆಯಾದರೆ ಅದರ ಮೇಲೆ ಕುಣಿಯುತ್ತದೆ. ಅಳೆಯಲು ಬೆರಳುದ್ದದ ತಕ್ಕಡಿ ಬೇರೆ. ಅಕ್ಕ ಚಿನ್ನದ ಸರ ಇಡುತ್ತಿದ್ದ ಬೀರುವಿನಲ್ಲಿ ಈಗ ಅದಕ್ಕೆ ಜಾಗ. ಸರ ಅಡುಗೆಮನೆಯ ಡಬ್ಬಿಯಲ್ಲಿ.

ತೋಳು ತೇಲುವ ಹೊತ್ತಿನಲ್ಲಿ ಮನೆಯಲ್ಲಿ ಫ್ಯಾನ್ ಇಲ್ಲ, ಮಿಕ್ಸಿ ಇಲ್ಲ, ಸೀನು ಬಂದವರು ಬೀದಿಗೆ. ಮನೆಯೋ ರೈಲು ಹಳಿಯ ಪಕ್ಕ! ಗೂಡ್ಸ್ ಗಾಡಿ ಹೋದರೆ ಗೋಡೆಯ ದೇವರ ಪಟಗಳೆಲ್ಲ ತಲೆಯಾಡಿಸುತ್ತವೆ. ಹಾಗಾಗಿ ಅವರ ಪಿಟೀಲು ರೆಕಾರ್ಡು ಏನಿದ್ದರೂ ಎರಡು ರೈಲುಗಳ ನಡುವೆ. ರೈಲು ತಡವಾದರೆ ಊರಿನವರು ಪ್ರಯಾಣಿಕರಿಗಾಗಿ ಮರುಗುತ್ತಾರೆ, ಭಾವ ಅದು ದಾಟುವವರೆಗೆ ಕಾಯಬೇಕಾದ ಪಿಟೀಲಿಗಾಗಿ.

"ಟಿಕೆಟ್ ತಗೊಳ್ದೆ ಇಷ್ಟೊಂದು ರೈಲಿಗೆ ಕಾದವರು ಇವರೊಬ್ರೇ ಕಣೋ," ಅನ್ನುತ್ತಾಳೆ ಅಕ್ಕ.

ಒಮ್ಮೆ ಹಗರೆಯಿಂದ ಬಂದಿದ್ದ ಭಾವನ ದೊಡ್ಡಪ್ಪ, ಮುಳ್ಳು ಹಾರಿದ್ದು ನೋಡಿ ಜೇಬಿನಿಂದ ಐದು ರೂಪಾಯಿ ಬಿಲ್ಲೆ ತೆಗೆದು ತೋಳಿನ ತಲೆಯ ಮೇಲಿಟ್ಟರು. ಹಿಂದೆ ಮದುವೆಮನೆಯ ಪ್ಲೇಯರುಗಳಿಗೆ ಎಲ್ಲರೂ ಮಾಡುತ್ತಿದ್ದ ಚಿಕಿತ್ಸೆ ಅದು. ಹಾಡು ಸರಾಗವಾಗಿ ಹರಿಯಿತು. ಭಾವನ ಮುಖ ನೋಡಬೇಕಿತ್ತು. ದೇವರ ನೆತ್ತಿಯ ಮೇಲೆ ಯಾರೋ ಚಪ್ಪಲಿ ಬಿಟ್ಟ ಹಾಗೆ.

"ದೊಡ್ಡಪ್ಪ, ಅದು ಎರಡು ಗ್ರಾಂ ಹೊರೋ ಜೀವ."

"ಹಾಡ್ತಾ ಐತಲ್ಲೋ."

"ಹಾಡ್ತಿಲ್ಲ, ಅರಚ್ತಾ ಐತೆ."

"ಅಂಗಾದ್ರೆ ನಂಗೆ ಅರಚೋದೇ ಇಷ್ಟ, ಇರ್ಲಿ ಬಿಡು," ಅಂದರು ದೊಡ್ಡಪ್ಪ.

ಬೇಲೂರಿಗೆ ನೆಂಟರನ್ನು ಕರೆದುಕೊಂಡು ಹೋದಾಗ ಇನ್ನೂ ಚೆನ್ನ. ಎಲ್ಲರೂ ಶಿಲಾಬಾಲಿಕೆಯರ ಕಡೆ ನಡೆದರೆ ಭಾವ ಅಂಗಳದ ಕಂಬದ ಬುಡದಲ್ಲಿ ಕೂತರು. ತನ್ನ ಭಾರದಿಂದಲೇ ನಿಂತ ಕಂಬ ಅದು. ಗೈಡು ಅದರ ಮೂಲೆಯಡಿ ಕಾಗದ ತೂರಿಸಿ ತೋರಿಸಿದ.

"ಭಾರ ಎಲ್ಲ ಸರಿ, ಇದರ ಎದುರು ತೂಕ ಎಲ್ಲಪ್ಪಾ?" ಅಂತ ಭಾವ.

"ದೇವಸ್ಥಾನದ ಆಫೀಸು ಆ ಕಡೆ ಐತೆ ಸಾರ್, ಅಲ್ಲಿ ಕೇಳಿ."

ಭಾವ ಹೋಗಿ ಕೇಳಿದರು ಕೂಡ.

ಹೋದ ವರ್ಷ ಅವರ ಬಲಗೈ ನಡುಗತೊಡಗಿತು. ಪ್ಲೇಯರಿನ ತೋಳನ್ನು ಇಳಿಸುವ ಸನ್ನೆಗೋಲು ಎಂದೋ ಮುರಿದಿದೆ. ಮುಳ್ಳನ್ನು ಬೆರಳಿನಿಂದಲೇ ಇಳಿಸಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ. ಮದುವೆಯಾದಾಗಿನಿಂದ ಅಕ್ಕ ಮುಟ್ಟಿದ್ದು ಅದರ ಪೆಟ್ಟಿಗೆಯ ಧೂಳನ್ನಷ್ಟೇ. ಭಾವ ಇಳಿಸಿದರೆ ಮುಳ್ಳು ಟಕಟಕ ಬಡಿದು ಜಾರುತ್ತಿತ್ತು. ಕ್ರಮೇಣ ಮನೆ ಸುಮ್ಮನಾಯಿತು. ರೈಲು ಬಂದರೂ ಹೋದರೂ ಅವರು ತಿರುಗುವ ತಟ್ಟೆಯನ್ನು ನೋಡುತ್ತ ಕೂತಿರುತ್ತಿದ್ದರು. ಏನಾಯಿತೆಂದು ಕೇಳಿದೆ.

"ತೂಕ ಸವೆದೈತೆ ಕಣೋ. ಹೊಸದು ಕಡೆದು ಕೊಡು."

ಕಬ್ಬಿಣ ಕೂತಲ್ಲೇ ಸವೆದದ್ದನ್ನು ನನ್ನ ಕಸುಬಿನಲ್ಲಿ ನಾನು ಕಂಡಿಲ್ಲ. ಆದರೂ ಹಿತ್ತಾಳೆಯಲ್ಲಿ ಕಡೆದೆ, ಕಳಶದಂತೆ ಹೊಳೆಯುವ ಹಾಗೆ. ಹೆಮ್ಮೆಯಿಂದ ಸಿಕ್ಕಿಸಿದೆ. ಬಾಲ ದೊಪ್ಪನೆ ಕೂತು ಮುಳ್ಳು ಸೂರು ನೋಡಿತು.

"ಏನ್ಲಾ ಇದು, ಬೋರ್‌ವೆಲ್ಲಿಗೆ ಮಾಡಿದ್ದಾ?"

ನನಗೆ ಅವಮಾನ. ನನ್ನ ಲೇತ್ ಅಂಗಡಿಗೆ ಹೋಗಿ ಕೆರೆದು ತಂದೆ. ಇನ್ನೂ ಭಾರ ಅಂದರು. ಮತ್ತೆ ಕೆರೆದೆ. ಕಡೆಗೂ ತೋಳು ತೇಲಿತು. ತಕ್ಕಡಿಯ ಮೇಲೆ ಮುಳ್ಳಿಟ್ಟು ನೋಡಿದರೆ ಎರಡಕ್ಕೆ ಎರಡು. ಭಾವ ಕೈ ಚಾಚಿ ತೋಳನ್ನು ಇಳಿಸಿದರು. ಟಕಟಕ.

"ಇನ್ನೂ ಸರಿಯಿಲ್ಲ."

"ತೂಕ ಸರಿಯಾಗೈತೆ ಭಾವ," ಅಂದೆ.

ಅಡುಗೆಮನೆಯಲ್ಲಿ ಅಕ್ಕ ನಲ್ಲಿ ನಿಲ್ಲಿಸಿದಳು. ಭಾವ ತಮ್ಮ ಕೈಯನ್ನು ಯಾರೋ ಮರೆತು ಬಿಟ್ಟುಹೋದ ವಸ್ತುವಿನಂತೆ ನೋಡಿದರು.

"ನಿನ್ನ ಕೈ ಒರಟು ಕಣೋ."

"ಹೌದು."

"ತೊಳ್ಕೊಂಡು ಬಾ."

ತೊಳೆದು ಬಂದೆ. ನಾನು ತೋಳಿನ ತುದಿ ಹಿಡಿದೆ, ಭಾವ ನನ್ನ ಮಣಿಕಟ್ಟು ಹಿಡಿದರು. ಉದ್ದನೆಯ ಶಾಫ್ಟು ಅದುರಿದರೆ ಲೇತಿನಲ್ಲಿ ನಾವು ನಡುವೆ ಒಂದು ಆಸರೆ ಕೊಡುತ್ತೇವೆ. ಹಾಗೆ ಅವರ ನಡುಕ ನನ್ನ ಕೈಯೊಳಗೆ ಬಂದು ನಿಂತಿತು.

"ನಿಧಾನ. ಇನ್ನೂ ನಿಧಾನ. ಬಿಡು."

ಪಿಟೀಲು ಶುರುವಾಯಿತು. ರೆಕಾರ್ಡಿನ ಆ ಮಗ್ಗುಲು ಮುಗಿಯುವವರೆಗೂ ಅವರು ನನ್ನ ಮಣಿಕಟ್ಟು ಬಿಡಲಿಲ್ಲ.

ಈಗ ನನ್ನ ಬಳಿ ಇರುವುದು: ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಒಂದು ಹಳೇ ಸ್ಕೂಟರು, ಭಾನುವಾರ ಬೆಳಿಗ್ಗೆ ಭಾವನ ಮನೆಯಲ್ಲಿ ಒಂದು ಕೆಲಸ.