ಛತ್ತಿನ ಮೊಳೆಗಳೂ ಸಿರುಗುಪ್ಪದ ಬಸ್ಸೂ

ಹೇಳಿದ್ದನ್ನು ಹೇಳಿದಷ್ಟೇ ಅರ್ಥ ಮಾಡಿಕೊಳ್ಳುವುದು ನನ್ನ ಹುಟ್ಟುಗುಣ. ಸಾಲೆಯಲ್ಲಿ ಗಣಿತ ಕಲಿಸುವವನಿಗೆ ಇದು ಒಳ್ಳೆಯದೇ. ಸಂಸಾರಸ್ಥನಿಗೆ ಮಾತ್ರ ಒಳ್ಳೆಯದಲ್ಲ ಎಂದು ತಿಳಿಯಲು ನನಗೆ ಮೂರು ತಿಂಗಳು ಹಿಡಿಯಿತು.

ಆಗ ನಾವು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಬಾಡಿಗೆಗಿದ್ದೆವು. ಯುದ್ಧದ ಕಾಲದಲ್ಲಿ ಯಾರೋ ಬಿಳಿ ದೊರೆಗಾಗಿ ಕಟ್ಟಿಸಿದ ಮನೆ. ಅವನ ತಲೆಗೆ ಬಿಸಿಲು ತಾಗದಿರಲೆಂದು ಹೆಂಚಿನ ಕೆಳಗೆ ಒಂದು ಛತ್ತು ಹೊಡೆಸಿದ್ದರು. ಎರಡು ದಪ್ಪ ಕಾಗದಗಳ ನಡುವೆ ಸುಣ್ಣದಂಥದೇನೋ ತುಂಬಿದ ಹಲಗೆಗಳು. ನಮ್ಮೂರಿನ ಬಿಸಿಲಿಗೆ ಮೇಲಿನ ಮರದ ಪಟ್ಟಿಗಳು ಒಣಗಿ ಸೊರಗಿ, ಮೊಳೆಗಳು ಒಂದೊಂದಾಗಿ ತಲೆ ಹೊರಗೆ ಹಾಕಿ ನಮ್ಮನ್ನು ನೋಡುತ್ತಿದ್ದವು. ಒಂದು ದಿನ ಊಟಕ್ಕೆ ಕೂತಾಗ ಒಂದು ಮೊಳೆ ನೇರವಾಗಿ ನನ್ನಾಕೆ ಗೌರಿಯ ಸಾರಿನೊಳಗೆ ಬಿತ್ತು.

"ಈ ಛತ್ತು ಸರಿ ಆಗೋತನಕ ನಾ ಈ ಮನ್ಯಾಗ ಇರೂದಿಲ್ಲ" ಎಂದಳು. ಅವಳ ಅಣ್ಣ ಸಿರುಗುಪ್ಪದಿಂದ ಅವತ್ತೇ ಬಂದಿದ್ದ. ಅವನ ಜೊತೆ ಹೊರಟೇ ಹೋದಳು.

ಸರಿ, ಛತ್ತು ಸರಿಮಾಡಿದರೆ ಬರುತ್ತಾಳೆ ಎಂದು ನಾನು ಲೆಕ್ಕ ಹಾಕಿದೆ. ಮೇಜಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ನಾನು. ಒಂದು ಮೊಳೆ ಬಡಿದರೆ ಸಿರುಗುಪ್ಪ ಒಂದು ಮೈಲಿ ಹತ್ತಿರ ಬಂದಂತೆ ಅನಿಸುತ್ತಿತ್ತು. ಎರಡು ದಿನಕ್ಕೆ ಅದೇ ಮೊಳೆ ಮತ್ತೆ ಇಣುಕುತ್ತಿತ್ತು. ಜೋರಾಗಿ ಬಡಿದರೆ ಹಲಗೆಯೇ ತೂತು. ತೂತಿಗೆ ಮೈದಾ ಅಂಟು ಹಚ್ಚಿ ಪೇಪರು ಮೆತ್ತಿದೆ. ಜಿರಲೆಗಳು ಅಂಟು ತಿಂದು ಪೇಪರನ್ನು ನನಗೇ ಬಿಟ್ಟವು. ವಾರಕ್ಕೊಂದರಂತೆ ಗೌರಿಗೆ ಕಾರ್ಡು ಬರೆದೆ: ಇಂದು ನಾಲ್ಕು ಮೊಳೆ ಕೂತವು, ಮೂರು ಎದ್ದವು. ಉತ್ತರವೇ ಇಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದಿಲ್ಲದ ಮನೆ ನನಗೆ ಸೇರುತ್ತಿರಲಿಲ್ಲ. ಗೂಟದ ಮೇಲಿದ್ದ ಅವಳ ಹಳೆಯ ಸೀರೆಯನ್ನು ಮಡಿಸಿಡಲೂ ಮನಸ್ಸಾಗಲಿಲ್ಲ. ಅವಳು ಬೇಕಾಗಿದ್ದಳು, ಅಷ್ಟೆ. ಆದರೆ ಅದನ್ನು ಕಾರ್ಡಿನಲ್ಲಿ ಬರೆದರೆ ಅಂಚೆಯವನು ಓದುತ್ತಾನಲ್ಲ!

ಕೊನೆಗೆ ಕುರುಗೋಡಿನ ಖಾಸಿಂಸಾಬ್ ಮೇಸ್ತ್ರಿಯನ್ನು ಕರೆಸಿದೆ. ಅವನು ನನ್ನ ಕೆಲಸ ನೋಡಿ ಗಡ್ಡ ಕೆರೆದುಕೊಂಡ.

"ಎದ್ದ ಮೊಳೀನ ಮತ್ತ ಬಡೀಬಾರದ್ರಿ ಮಾಸ್ತರ್ರೇ. ಹಲಗಿ ಎತ್ತಿ ಹಿಡದು, ಬಾಜೂಕ ಹೊಸಾದು ಹೊಡದು, ಹಳೇದನ್ನ ಕಿತ್ತು ಒಗೀಬೇಕು." ತೂತುಗಳನ್ನು ಚೌಕವಾಗಿ ಕೊಯ್ದು, ತುಂಡು ಹಲಗೆ ಕೂರಿಸಿ, ಸಂದಿಗೆ ನನ್ನ ಹಳೇ ಧೋತರದ ಪಟ್ಟಿ ಅಂಟಿಸಿ, ಮೇಲೆ ಸುಣ್ಣದ ಗಿಲಾವು ಎಳೆದ. ಎಳೆಯುತ್ತಲೇ ಕೇಳಿದ, "ಅಮ್ಮಾರು ಎಲ್ಲಿ?"

"ಸಿರುಗುಪ್ಪದಾಗ. ಛತ್ತು ಆದಮ್ಯಾಲ ಬರ್ತಾಳ."

"ಕರಿಯಾಕ ಹೋಗಿದ್ರೇನು?"

"ಇಲ್ಲ."

ಮೇಸ್ತ್ರಿಯ ಕೈ ನಿಂತಿತು. "ಗಂಡ ಹೋಗಿ ಕರೀದಿದ್ರ ತವರಮನಿಯಿಂದ ಹೆಂಗ ಬರ್ತಾರ್ರಿ? ಮಂದಿ ಏನಂದಾರು! ಇಷ್ಟು ಓದೀರಿ..."

ಭಾನುವಾರ ಮೊದಲ ಬಸ್ಸು ಹತ್ತಿದೆ. ಬಾಗಿಲಲ್ಲೇ ಗೌರಿ ನಿಂತಿದ್ದಳು. "ಛತ್ತು ಪೂರಾ ಸರಿ ಆತು" ಎಂದೆ.

"ಅದನ್ನ ಹೇಳಾಕ ಇಷ್ಟು ದೂರ ಬಂದ್ರೇನು? ಇನ್ನೊಂದು ಕಾರ್ಡು ಹಾಕಿದ್ರ ಆಗ್ತಿತ್ತು."

"ಅಲ್ಲ. ನಿನ್ನ ಕರಕೊಂಡು ಹೋಗಾಕ ಬಂದೀನಿ."

ಒಳಗೆ ಹೋದಳು. ಪೆಟ್ಟಿಗೆ ತುಂಬಿಕೊಳ್ಳಲು ಹೊತ್ತಾದೀತೆಂದು ನಾನು ಕಟ್ಟೆಯ ಮೇಲೆ ಕೂತೆ. ಕೂತದ್ದೇ ತಡ, ಪೆಟ್ಟಿಗೆ ಸಮೇತ ಹೊರಗೆ ಬಂದಳು. ನನ್ನ ಮುಖ ನೋಡಿ ಅತ್ತೆ ನಕ್ಕರು. "ಬಂದ ಎಂಟು ದಿನಕ್ಕ ತುಂಬಿಟ್ಟಾಳ್ರಿ. ಅದರಾಗಿಂದನ ಸೀರಿ ತಗದು ಉಡ್ತಾಳ, ಒಗದು ಮತ್ತ ಅದರಾಗ ಇಡ್ತಾಳ."

ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಮೂರು ತಿಂಗಳು ನುಂಗಿಟ್ಟುಕೊಂಡ ಮಾತು ಎದೆಯ ತುಂಬ ಇತ್ತು. ಅವಳು ನನ್ನ ಕಡೆ ತಿರುಗಿ ಕಾಯುತ್ತಿದ್ದಳು. ನಾನು ಧೈರ್ಯ ಮಾಡಿ ಬಾಯಿ ತೆರೆದೆ.

"ಎದ್ದ ಮೊಳೀನ ಮತ್ತ ಬಡೀಬಾರದಂತ, ಗೌರಿ" ಎಂದೆ.