ಆಳಂದಕ್ಕೆ ಬಂದ ಭೀಮೆಯ ಸಂದೇಶ

ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯಲ್ಲಿ ನಮ್ಮ ತವರಿನದು ಮೂರು ತಲೆಮಾರಿನ ಮರ್ಯಾದಸ್ಥ ಮನೆತನ. ಹೊಳೆ ಎಷ್ಟನೇ ಮೆಟ್ಟಿಲಿಗೆ ಬಂತೆಂದು ಊರು ಕೇಳುತ್ತಿದ್ದುದು ನಮ್ಮಜ್ಜನನ್ನೇ. ನಾನು ಕಾನ್ವೆಂಟಿನಲ್ಲಿ ಓದಿ, ಆಳಂದಕ್ಕೆ ಸೊಸೆಯಾಗಿ ಬಂದವಳು. ಇಲ್ಲಿ ನಮ್ಮ ಓಣಿಗೆ ನಳದ ನೀರು ಬಂದರೆ ಅದೇ ಪ್ರವಾಹ. ಈಗ ದಂಡೆಯ ಜನರೇ ನೀರು ನೋಡಿ ಫೋನಿನಲ್ಲಿ ಎಚ್ಚರಿಕೆ ಕಳಿಸುವ ಗುಂಪು ಕಟ್ಟಿದ್ದಾರೆ. ಹಟ ಮಾಡಿ ನನ್ನ ಹೆಸರನ್ನೂ ಸೇರಿಸಿದ್ದೆ. ತವರಿನಿಂದ ನನಗೆ ಬರುತ್ತಿದ್ದ ಸುದ್ದಿ ಅದೊಂದೇ. ಶಿಸ್ತಿನ ಕೆಲಸವೆಂದು ಸೇರಿದೆ. ನಗೆಪಾಟಲು ಮಾತ್ರ ಒಂದು ಮಳೆಗಾಲಕ್ಕೂ ತಪ್ಪಲಿಲ್ಲ.

ಸರ್ಕಾರಿ ಕಲ್ಲು

ಗುಂಪು ಕಟ್ಟಿಸಲು ತಾಲ್ಲೂಕು ಕಚೇರಿಯಿಂದ ಬಂದ ಸಾಹೇಬರು, "ನೀರು ಏರೂದು ಮೊದಲು ಯಾರಿಗಿ ಗೊತ್ತಾಗ್ತದ?" ಎಂದರು. ಗಂಡಸರೆಲ್ಲ ಕೈ ಎತ್ತಿದರು. ನನ್ನ ತಮ್ಮನ ಹೆಂಡತಿ ಎದ್ದು ನಿಂತಳು.

"ಇವರು ಹೊಳಿ ನೋಡೂದು ಕಟ್ಟಿ ಮ್ಯಾಲ ಕುಂತು, ಸಾಹೇಬ್ರ. ಅರಬಿ ಒಗಿಯೋ ಕಲ್ಲು ಮುಳುಗಿದ್ರ ಮೊದಲು ಬೈಯಾಕಿ ನಾನು!"

ಸಾಹೇಬರು ಆ ಕಲ್ಲಿಗೇ ಕೆಂಪು ಗೆರೆ ಹೊಡೆಸಿದರು. ಅಂದಿನಿಂದ ಅಲ್ಲಿ ಬೇರೆ ಯಾರೂ ಒಗೆಯುವಂತಿಲ್ಲ. ಹತ್ತಿರ ಬಂದವರಿಗೆ ಅವಳದು ಒಂದೇ ಮಾತು: "ಸರ್ಕಾರಿ ಕಲ್ಲದ, ದೂರ ಸರಿ ಬೇ!"

ಆರಾಮ

ಮೆಟ್ಟಿಲು, ಸಮಯ, ಹೆಸರು: ಸಂದೇಶದಲ್ಲಿ ಇಷ್ಟೇ ಇರಬೇಕೆಂದು ನಿಯಮ ಬರೆದುಕೊಟ್ಟವಳು ನಾನು. ಮೆಟ್ಟಿಲು ನೋಡಿ ಸಂದೇಶ ಹಾಕುವ ನಮ್ಮ ಚಿಕ್ಕಮ್ಮ ಒಪ್ಪಲಿಲ್ಲ. "ಆರಾಮ ಕೇಳದೆ ಹೊಳಿ ಬಂತಂದ್ರ ಮಂದಿ ಏನಂದಾರು?" ಎಂದು, ನೀರೇರಿದ ದಿನ "ಎಲ್ಲಾರೂ ಆರಾಮ ಇದ್ದೀರೇನ್ರಿ?" ಎಂದೇ ಶುರು ಮಾಡಿದಳು. ಎಲ್ಲರೂ ಒಬ್ಬೊಬ್ಬರಾಗಿ "ಆರಾಮ್ರಿ, ನೀವು?" ಎಂದು ಮುಗಿಸುವಷ್ಟರಲ್ಲಿ ಹೊಳೆ ಇನ್ನೊಂದು ಮೆಟ್ಟಿಲು ಏರಿತ್ತು. ನಾನೂ ಉತ್ತರಿಸಿದೆ. ಕೇಳಿದವರಿಗೆ ಹೇಳದಿರುವುದು ನಮ್ಮ ಮನೆತನದಲ್ಲಿಲ್ಲ.

ಹೆಚ್ಚಾದ ಒಬ್ಬಳು

ಈ ಮಳೆಗಾಲ ಒಂದು ಬೆಳಿಗ್ಗೆ ಸಂದೇಶ ಬಂತು: "ಭೀಮೆ ಏರುತ್ತಿದ್ದಾಳೆ. ಎಲ್ಲರೂ ದಿಬ್ಬದ ಶಾಲೆಗೆ ಬನ್ನಿ."

ತುಂಬಿದ ಹೊಳೆಗೆ ಉಡಿ ತುಂಬುವುದು ಮನೆಮಗಳ ಹಕ್ಕು. ಆ ಕೆಂಪು ನೀರಿನ ವಾಸನೆ ಮೂಗಿಗೆ ಬಿದ್ದು ಎಷ್ಟು ವರ್ಷವಾಗಿತ್ತು! ಕುಪ್ಪಸದ ಹಸಿರು ಖಣ, ತೆಂಗಿನಕಾಯಿ ಚೀಲಕ್ಕೆ ಹಾಕಿ ಮೊದಲ ಬಸ್ಸು ಹತ್ತಿದೆ.

ಶಾಲೆಯಲ್ಲಿ ಸಾಹೇಬರು ತಲೆ ಎಣಿಸಿದರು. ಒಂದು ಹೆಚ್ಚು ಬಂತು.

"ನೀವು ಯಾವ ಮನಿಯವರ್ರಿ?"

"ಆಳಂದದಾಕಿ. ಎಲ್ಲಾರೂ ಬರ್ರಿ ಅಂದ್ರಿ, ಬಂದೇನಿ."

ಹೊಳೆಗೆ ಇಳಿಯಲು ಬಿಡಲಿಲ್ಲ. ಭೀಮೆ ದೂರದಲ್ಲಿ ಕಾಣುತ್ತಿದ್ದಳು. ಖಣವನ್ನು ಶಾಲೆಯ ಗೋಡೆಯ ಮೇಲಿಟ್ಟು ಬಹಳ ಹೊತ್ತು ನೋಡುತ್ತ ನಿಂತೆ.

ಗುಂಪಿನ ಯಜಮಾನಿಕೆ ನನ್ನ ತಮ್ಮನದು. ಎಲ್ಲರೆದುರೇ ಅಂದ: "ಅಕ್ಕಾ, ಹೊಳಿ ಬಂತಂದ್ರ ಊರೆಲ್ಲಾ ಓಡಿ ಹೋಗ್ತದ. ನೀ ಒಬ್ಬಾಕಿ ಓಡಿ ಬರ್ತಿ!" ಶಾಲೆಯೆಲ್ಲ ನಕ್ಕಿತು. ಸಂಜೆಗೆ ಗುಂಪಿನಿಂದ ನನ್ನ ಹೆಸರು ತೆಗೆದುಹಾಕಿದ.

ಅದನ್ನು ಮತ್ತೆ ಸೇರಿಸಬೇಕು. ಅದಕ್ಕೂ ಮೊದಲು, ತಮ್ಮನೇ ಆದರೂ, ಅವನು ನನ್ನ ಕ್ಷಮೆ ಕೇಳಬೇಕು.