ನಮ್ಮ ಮಾವನವರ ಚಳಿಗಾಲ

ನಾರಾಯಣಪೇಟೆಯಲ್ಲಿ ಚಳಿಗಾಲ ಎಂಬುದೊಂದು ಇದೆ ಎಂದು ನಂಬಿದವರು ಇಡೀ ನಿಜಾಮರ ರಾಜ್ಯದಲ್ಲಿ ಒಬ್ಬರೇ ಇದ್ದರು. ಅವರು ನಮ್ಮ ಮಾವನವರು! ಉಳಿದವರಿಗೆಲ್ಲ ಗೊತ್ತಿದ್ದದ್ದು ಬೇಸಿಗೆ, ಮಳೆ, ಆಮೇಲೆ ಮತ್ತೆ ಬೇಸಿಗೆ ಬರುವುದಕ್ಕೆ ಮುಂಚಿನ ನಾಲ್ಕು ದಿನ. ಆ ನಾಲ್ಕು ದಿನ ಬೆಳಗ್ಗೆ ಎರಡು ತಾಸು ಮೈ ಜುಮ್ಮೆನ್ನುವುದು ನಿಜ. ಆದರೆ ಹೊತ್ತು ಮಾರುದ್ದ ಏರುವಷ್ಟರಲ್ಲಿ ಅಂಗಳದ ಕಲ್ಲು ಕಾಲು ಸುಡುತ್ತದೆ. ಇದನ್ನು ಚಳಿಗಾಲ ಎನ್ನುವುದಾದರೆ ನಾನು ಸೊಸೆಯಾಗಿ ಬಂದ ಮನೆಯನ್ನು ಅರಮನೆ ಎನ್ನಬಹುದು. ಇದ್ದದ್ದು ಎರಡು ಅಂಕಣ, ಅದರಲ್ಲಿ ಒಂದು ಪೂರ್ತಿ ಮಗ್ಗದ್ದು.

ನಾನು ಮಕ್ತಲದ ಹುಡುಗಿ. ಬಂಡಿ ಹೂಡಿದರೆ ಅರ್ಧ ದಿನದ ದಾರಿ. ಬೇಸಿಗೆಯಲ್ಲಿ ಮದುವೆಯಾಗಿ ಬಂದೆ, ಮಾವನವರು ಸಾಧು ಮನುಷ್ಯರು ಎಂದುಕೊಂಡೆ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತರೆ ಊಟದ ಹೊತ್ತಿನವರೆಗೆ ತಲೆ ಎತ್ತುತ್ತಿರಲಿಲ್ಲ. ಮಾತು ಕಡಿಮೆ, ಸಿಟ್ಟು ಇಲ್ಲವೇ ಇಲ್ಲ. ಇಂಥ ಮಾವ ಸಿಕ್ಕಿದ್ದು ನನ್ನ ಪುಣ್ಯ ಎಂದು ತವರಿನಲ್ಲಿ ಹೇಳಿಕೊಂಡು ತಿರುಗಿದೆ. ದೀಪಾವಳಿ ಮುಗಿದ ಮೇಲೆ ಒಂದು ದಿನ ಮಕ್ತಲದ ಕಡೆಯಿಂದ ಬಂದ ಬಂಡಿಯವನು ಬಾಗಿಲಲ್ಲಿ ನಿಂತು, "ಹೊಳಿ ಇಳಿದೈತ್ರಿ, ಹರಿಗೋಲು ಬಿಟ್ಟಾರ" ಎಂದ. ಅಷ್ಟೇ. ಮಾವನವರು ಲಾಳಿ ಕೆಳಗಿಟ್ಟರು, ಗುಂಡಿಯಿಂದ ಮೇಲೆ ಬಂದರು, ಗೂಟದ ಮೇಲಿನ ಕಂಬಳಿ ಹೊದ್ದರು.

"ಯವ್ವಾ, ಕಿಡಕಿ ಮುಚ್ಚು. ಥಂಡಿ ಶುರುವಾತು."

ನಾನು ಆಗಷ್ಟೇ ಹೊರಗೆ ಬಟ್ಟೆ ಒಣಹಾಕಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಬಂದಿದ್ದೆ.

"ಮಾವಾರ, ನನಗ ಬೆವರ ಬರಾಕ ಹತ್ಯಾವ್ರಿ."

"ಅದು ಥಂಡಿ ಬೆವರು," ಎಂದರು ಮಾವನವರು.

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಒಲೆಯಿಂದ ಕೆಂಡ ತೆಗೆದು ಅಗ್ಗಿಷ್ಟಿಗೆಗೆ ಹಾಕುತ್ತಿದ್ದರು. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ಮನುಷ್ಯರಿಗೆ ಅಂಥ ಶಾಂತಿ ಬರುತ್ತದೆಯೋ ಏನೋ!

ಕಿಟಕಿ ಮುಚ್ಚಿದ, ಕೆಂಡ ತುಂಬಿದ ಆ ಮನೆಯಲ್ಲಿ ಮಾವನವರು ತಮ್ಮ ಹವ್ಯಾಸಕ್ಕೆ ಕೂತರು. ಎರಡು ಕೊಡೆಕಡ್ಡಿ, ಕುರುಬರಿಂದ ತಂದ ಕರಿ ಉಣ್ಣೆಯ ಉಂಡೆ. ನೇಯುವ ಗಂಡಸರನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಕಡ್ಡಿಯಲ್ಲಿ ಉಣ್ಣೆ ಹೆಣೆಯುವ ಗಂಡಸನ್ನು ಕಂಡದ್ದು ಅದೇ ಮೊದಲು.

ಆ ವಿದ್ಯೆ ಬಂದ ಕಥೆಯನ್ನು ಮಾವನವರು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಒಮ್ಮೆ ರಾಯಚೂರಿಗೆ ರೇಷ್ಮೆ ತರಲು ಹೊರಟು ಕೃಷ್ಣಾ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದರಂತೆ. ಪಕ್ಕದಲ್ಲಿ ಯಾರೋ ದೂರದ ಊರಿನ ಹೆಂಗಸು ಕೂತು ಎರಡು ಕಡ್ಡಿಯಲ್ಲಿ ಉಣ್ಣೆ ಹೆಣೆಯುತ್ತಿದ್ದಳಂತೆ. ಹಾಸು ಇಲ್ಲ, ಹೊಕ್ಕು ಇಲ್ಲ, ಮಗ್ಗ ಇಲ್ಲ, ಆದರೂ ಬಟ್ಟೆ ಆಗುತ್ತಿದೆ! ನೇಕಾರನಾದವನು ಇದನ್ನು ನೋಡಿ ಸುಮ್ಮನಿರುವುದು ಹೇಗೆ? ಬೆರಳು ಎಲ್ಲಿ ಹೋಗುತ್ತದೆ, ನೂಲು ಎಲ್ಲಿ ಸುತ್ತುತ್ತದೆ ಎಂದು ಕಣ್ಣು ಮಿಟುಕಿಸದೆ ನೋಡಿದರು. ರೈಲು ಬಂತು. ಹೆಂಗಸು ಹತ್ತಿದಳು. ಮಾವನವರು ನೋಡುತ್ತಲೇ ಉಳಿದರು. ರೇಷ್ಮೆ ಇಲ್ಲದೆ ಮನೆಗೆ ಬಂದು ಕೊಡೆ ಮುರಿದರು.

"ಶುರು ಮಾಡೋದು ಕಲತೆ, ನಡಸೋದು ಕಲತೆ," ಎನ್ನುತ್ತಿದ್ದರು. "ಮುಗಿಸೋದು ನೋಡೂದರಾಗ ರೈಲು ಬಂದುಬಿಡ್ತು."

ಇದೇ ತೊಂದರೆ ಆದದ್ದು. ಮಗ್ಗದ ಬಟ್ಟೆಯನ್ನು ಕತ್ತರಿಸಿದರೆ ಮುಗಿಯಿತು. ಉಣ್ಣೆಯ ಹೆಣಿಗೆ ಹಾಗಲ್ಲ, ಕೊನೆಯ ಸಾಲನ್ನು ಹೇಗೋ ಒಂದು ರೀತಿಯಲ್ಲಿ ಬಿಗಿಯದಿದ್ದರೆ ಎಲ್ಲ ಬಿಚ್ಚಿ ಮತ್ತೆ ಉಂಡೆಯಾಗುತ್ತದೆ. ಆ ರೀತಿ ಗೊತ್ತಿದ್ದವಳು ರೈಲಿನಲ್ಲಿ ಹೋಗಿದ್ದಳು.

ಅವರು ಹೆಣೆಯುತ್ತಿದ್ದದ್ದು ಒಂದು ಶಾಲು, ತಂಗಿ ನೀಲಮ್ಮತ್ತೆಗೆ. ನೀಲಮ್ಮತ್ತೆಯನ್ನು ಗದ್ವಾಲಕ್ಕೆ ಕೊಟ್ಟಿದ್ದರು. ನಡುವೆ ಕೃಷ್ಣೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಯಾರೂ ದಾಟುವಂತಿಲ್ಲ, ಇಳಿದ ಮೇಲೆ ತೊಗಲು ಹೊದಿಸಿದ ದುಂಡನೆಯ ಬುಟ್ಟಿಯಂಥ ಹರಿಗೋಲಿನಲ್ಲಿ ಕೂತು ದಾಟಬೇಕು. ಆದರೆ ಹೊಳೆಗಿಂತ ದೊಡ್ಡ ತಡೆ ಆಕೆಯ ಅತ್ತೆ. ನೀಲಮ್ಮತ್ತೆಯ ಮದುವೆಯಾದ ಮೇಲೆ ಆರು ವರ್ಷ ಆ ಮುದುಕಿ ಸೊಸೆಯನ್ನು ತವರಿಗೆ ಕಳಿಸಿರಲಿಲ್ಲ. ಕರೆಯಲು ಹೋದಾಗಲೆಲ್ಲ ಎಮ್ಮೆ ಈದಿರುತ್ತಿತ್ತು. ಅಷ್ಟು ಸಲ ಈಯುವ ಎಮ್ಮೆ ಗದ್ವಾಲದಲ್ಲೇ ಇರಬೇಕು! ಕೊನೆಗೆ ಒಂದು ಸಲ ಮಾವನವರು ಮುದುಕಿಯ ಎದುರಿಗೇ, "ತಂಗಿಗೆ ಉಣ್ಣಿ ಶಾಲು ಮಾಡಾಕ ಹತ್ತೀನಿ. ಬಂದು ಒಯ್ಯಲಿ" ಎಂದರಂತೆ. ಉಣ್ಣೆ ಶಾಲು ಎಂದ ಕೂಡಲೇ ಮುದುಕಿಯ ಕಿವಿ ನೆಟ್ಟಗಾಯಿತು. ಎಮ್ಮೆಯ ಸುದ್ದಿ ಬರಲಿಲ್ಲ. "ಹೋಗಿ ತೊಗೊಂಬಾ" ಎಂದು ಸೊಸೆಯನ್ನು ಕಳಿಸಿದಳು.

ನೀಲಮ್ಮತ್ತೆ ಬಂದರು, ಎಂಟು ದಿನ ಇದ್ದರು, ಶಾಲು ಮುಗಿದಿರಲಿಲ್ಲ. "ಬರೋ ವರ್ಷ ಬಾರವಾ, ಇನ್ನೊಂದು ಮೊಳ ಉಳಿದೈತಿ" ಎಂದರು ಅಣ್ಣ. ನಾನು ಬಂದ ವರ್ಷವೂ ಅದೇ ಒಂದು ಮೊಳ ಉಳಿದಿತ್ತು. ಅದರ ಮುಂದಿನ ವರ್ಷವೂ ಉಳಿದಿತ್ತು.

ಆ ಮೊಳ ಯಾಕೆ ತೀರುತ್ತಿರಲಿಲ್ಲ ಎಂದರೆ, ಮಾವನವರು ನೇಕಾರರು ನೋಡಿ. ಅಂಚಿಲ್ಲದ ಬಟ್ಟೆ ಅವರ ಕಣ್ಣಿಗೆ ಬತ್ತಲೆ. ಹಾಗಾಗಿ ಶಾಲಿಗೆ ಎರಡೂ ಕಡೆ ಕೆಂಪು ಅಂಚು ಬಂತು. ಅಂಚು ಬಂದ ಮೇಲೆ ಸೆರಗು ಬೇಡವೇ? ಸೆರಗು ಬಂತು. ಸೆರಗು ಇಷ್ಟು ಉದ್ದ ಆದ ಮೇಲೆ ಒಡಲೂ ಅದಕ್ಕೆ ತಕ್ಕಂತೆ ಇರಬೇಕಲ್ಲ? ಒಡಲು ಬೆಳೆಯಿತು. ನನ್ನ ಮೂರನೆಯ ಚಳಿಗಾಲದಲ್ಲಿ ಅಳೆದೆ. ಅಗಲ ಮೂರು ಗೇಣು, ಉದ್ದ ಹದಿನಾರು ಮೊಳ. ಸೀರೆಯ ಉದ್ದ ಸರಿಯಾಗಿ ಬಂದಿದೆ ಎಂದು ಮಾವನವರಿಗೆ ಸಮಾಧಾನವಾಯಿತು.

ಆ ಶಾಲಿನಿಂದ ಆದ ಅನಾಹುತ ಒಂದೆರಡಲ್ಲ. ಚಳಿಗಾಲದಲ್ಲಿ ನೆಂಟರು ಬಂದರೆ ಗೋಡೆಗುಂಟ ಸಾಲಾಗಿ ಕೂರಿಸಿ, ಎಲ್ಲರ ತೊಡೆಯ ಮೇಲೂ ಅದೇ ಶಾಲನ್ನು ಹಾಸುತ್ತಿದ್ದರು. ಒಂದು ತುದಿಯಲ್ಲಿ ಹೆಣಿಗೆ ನಡೆಯುತ್ತಲೇ ಇರುತ್ತಿತ್ತು. ಒಬ್ಬರು ಎದ್ದರೆ ಎಲ್ಲರೂ ಏಳಬೇಕು. ನನ್ನ ಅಪ್ಪ ಮಗಳನ್ನು ನೋಡಲು ಬಂದವರು ಮಧ್ಯದಲ್ಲಿ ಸಿಕ್ಕಿಕೊಂಡರು. ಗುಂಡುಮಾಲಿನಿಂದ ಬಂದಿದ್ದ ನೆಂಟರು ಇಬ್ಬರು ಆ ಕಡೆ, ಇಬ್ಬರು ಈ ಕಡೆ.

"ಬೀಗರ, ನಾ ಸ್ವಲ್ಪ ಹೊರಗ ಹೋಗಿ ಬರಬೇಕಾಗಿತ್ರಿ," ಎಂದರು ಅಪ್ಪ ಮೆಲ್ಲಗೆ.

"ಒಂದು ಸಾಲು ತಡೀರಿ," ಎಂದರು ಮಾವನವರು.

ಒಂದು ಸಾಲು ನಾಲ್ಕಾಯಿತು. ಆಮೇಲೆ ಅಪ್ಪ ಎದ್ದ ರಭಸಕ್ಕೆ ಗುಂಡುಮಾಲಿನ ನಾಲ್ವರೂ ಪಕ್ಕಕ್ಕೆ ವಾಲಿದರು. ಅಂದಿನಿಂದ ಅಪ್ಪ ನಮ್ಮ ಮನೆಗೆ ಬೇಸಿಗೆಯಲ್ಲಿ ಮಾತ್ರ ಬರುತ್ತಿದ್ದರು.

ಮೇಕೆಯ ವಿಷಯ ಹೇಳಲೇಬೇಕು. ಅಂಗಳದಲ್ಲಿ ಒಂದು ಬಿಳಿ ಮೇಕೆ ಇತ್ತು. ಅದಕ್ಕೂ ಥಂಡಿ ಆಗುತ್ತದೆ ಎಂದು ಮಾವನವರು ಉಳಿದ ಉಣ್ಣೆಯಲ್ಲಿ ಅದಕ್ಕೊಂದು ಟೊಪ್ಪಿಗೆ ಹೆಣೆದರು. ಕಿವಿಗೆ ಎರಡು ಕಿಂಡಿ, ಸುತ್ತ ಕೆಂಪು ಅಂಚು, ಗದ್ದದ ಕೆಳಗೆ ಕಟ್ಟಲು ದಾರ. ದಿನಾ ಬೆಳಗ್ಗೆ ಅದನ್ನು ತೊಡಿಸುವ ಕೆಲಸ ನನ್ನದು. ಮಕ್ತಲದಲ್ಲಿ ನಾಲ್ಕು ಜನರ ಎದುರು ತಲೆ ಎತ್ತಿ ನಡೆದವಳು ನಾನು, ಇಲ್ಲಿ ಮೇಕೆಯ ತಲೆಗೆ ಟೊಪ್ಪಿಗೆ ಕಟ್ಟುತ್ತ ಕೂತಿದ್ದೆ. ದಾಮರಗಿದ್ದದಿಂದ ಸೀರೆ ನೋಡಲು ಬಂದ ವ್ಯಾಪಾರಿಯೊಬ್ಬ ಅಂಗಳದಲ್ಲೇ ನಿಂತುಬಿಟ್ಟ.

"ಏನ್ರೀ, ನಿಮ್ಮ ಮ್ಯಾಕಿ ವಕೀಲಕಿ ಮಾಡ್ತೈತೇನು?"

"ಇನ್ನೂ ಇಲ್ರಿ," ಎಂದರು ಮಾವನವರು ಗಂಭೀರವಾಗಿ. "ಕೋರ್ಟಿನ ಉರ್ದು ಬರಂಗಿಲ್ಲ ಅದಕ್ಕ."

ಹೀಗೆ ನಗುವುದಕ್ಕೆ ನಮಗೆ ಬರವಿರಲಿಲ್ಲ. ಆದರೆ ನೀಲಮ್ಮತ್ತೆ ಹೊರಡುವ ದಿನ ಮಾತ್ರ ನನಗೆ ಮಾವನವರ ಮೇಲೆ ಸಿಟ್ಟು ಬರುತ್ತಿತ್ತು. ಪ್ರತಿ ವರ್ಷ ಬರಿಗೈಯಲ್ಲಿ ಹೋಗಿ ಆ ಮುದುಕಿಯ ಬಾಯಿಂದ ಏನೇನು ಕೇಳಬೇಕೋ ಪಾಪ. ಶಾಲು ಒಯ್ದು ಕೊಟ್ಟರೆ ಮುದುಕಿ ಸ್ವಲ್ಪ ಮೆತ್ತಗಾದಾಳು, ನೀಲಮ್ಮತ್ತೆಗೆ ಸುಖ ಆದೀತು ಎಂದು ನನ್ನ ಲೆಕ್ಕಾಚಾರ. ನಾಲ್ಕನೆಯ ಚಳಿಗಾಲದಲ್ಲಿ ನೇರವಾಗಿ ಹೇಳಿಯೇಬಿಟ್ಟೆ.

"ಮಾವಾರ, ಒಂದು ದಾರ ಹಾಕಿ ಕೊನಿ ಹೊಲದುಬಿಡ್ರಿ. ಹೆಂಗರ ಆಗಲಿ, ಮುಗೀಲಿ."

"ಹೆಂಗರ ಮುಗಿಸಾಕ ನಾ ನೇಕಾರ ಯಾಕ ಆಗಬೇಕಾಗಿತ್ತವಾ?" ಎಂದು ಅವರು ಮತ್ತೊಂದು ಸಾಲು ಶುರು ಮಾಡಿದರು. ನೀಲಮ್ಮತ್ತೆ ನನ್ನ ಕೈ ಹಿಡಿದು, "ಇರಲಿ ಬಿಡವಾ, ಅಣ್ಣನ ಹುಚ್ಚು" ಎಂದರು. ಗಂಟು ಎತ್ತಿಕೊಂಡು ಬಂಡಿ ಹತ್ತಿದರು. ಎಷ್ಟು ಒಳ್ಳೆಯ ಜೀವ, ಒಂದು ಮಾತು ಆಡುವುದಿಲ್ಲವಲ್ಲ ಎಂದು ನನ್ನ ಕಣ್ಣು ತುಂಬಿತು.

ಐದನೆಯ ಚಳಿಗಾಲದಲ್ಲಿ ಬಂಡಿಯಿಂದ ನೀಲಮ್ಮತ್ತೆಯ ಹಿಂದೆ ಇನ್ನೊಬ್ಬರು ಇಳಿದರು. ಗಿಡ್ಡನೆಯ ಮುದುಕಿ, ಕೈಯಲ್ಲಿ ಕೋಲು. ಗದ್ವಾಲದ ಅತ್ತೆ ಸ್ವತಃ ಹೊಳೆ ದಾಟಿ ಬಂದಿದ್ದಳು! ನೀಲಮ್ಮತ್ತೆ ಗಂಟು ಎತ್ತಿಕೊಂಡು ಮೊದಲು ಬಂದರು. ಬಾಗಿಲಲ್ಲಿ ನನ್ನ ಕಿವಿಯಲ್ಲಿ ಇಷ್ಟೇ ಅಂದರು: "ಶಾಲು ಇದ್ದದ್ದು ಖರೇ ಏನು ಅಂತ ನೋಡಾಕ ಬಂದಾರ. ಇದ ಕಡೀ ಸಲ ಅಂದಾರ."

ಮುದುಕಿ ನೀರು ಕೂಡ ಕುಡಿಯಲಿಲ್ಲ. ಮಾವನವರ ಎದುರು ಕೂತು, ಶಾಲಿನ ಒಂದು ತುದಿ ಹಿಡಿದು ಎಳೆಯತೊಡಗಿದಳು. ಎಳೆದಳು, ಎಳೆದಳು, ಮಡಿಲು ತುಂಬಿತು, ಪಕ್ಕದಲ್ಲಿ ಗುಡ್ಡೆಯಾಯಿತು, ಇನ್ನೂ ಬರುತ್ತಲೇ ಇತ್ತು.

"ಏನು ತಮ್ಮಾ, ಆನಿಗೆ ಹೊದಸ್ತೀ ಏನು ಇದನ್ನ?"

"ಅಲ್ರಿ ಅಮ್ಮಾರ. ತಂಗಿಗೆ."

"ಮುಗಿಸಿ ಕೊಡು ಹಂಗಾರ. ನಾ ಕುಂತೀನಿ."

"ಮುಗಿಸಾಕ ಬರಂಗಿಲ್ರಿ ನನಗ. ಆ ಹೆಣ್ಮಗಳು ರೈಲು ಹತ್ತಿಬಿಟ್ಟಳ್ರಿ," ಎಂದು ಮಾವನವರು ಮೊದಲಿನಿಂದ ಕಥೆ ಹೇಳಿದರು. ಕೃಷ್ಣಾ ಸ್ಟೇಷನ್, ಕಡ್ಡಿ, ರೈಲು, ಎಲ್ಲ. ಮುದುಕಿ ಪೂರ್ತಿ ಕೇಳಿದಳು. ಎದ್ದು ಕಾಲು ತೊಳೆಯಲು ಅಂಗಳಕ್ಕೆ ಹೋದಳು.

ಒಳಗೆ ಬಂದಾಗ ಅವಳ ಕೋಲಿನ ತುದಿಯಲ್ಲಿ ಮೇಕೆಯ ಟೊಪ್ಪಿಗೆ ಇತ್ತು.

"ಇದನ್ನ ಹೆಣದವರು ಯಾರು?"

"ನಾನ ರೀ," ಎಂದರು ಮಾವನವರು. ಅಂದ ಮೇಲೆ ಅವರಿಗೆ ಹೊಳೆದಿರಬೇಕು, ಕಡ್ಡಿ ನಿಂತಿತು.

ಮುದುಕಿ ಟೊಪ್ಪಿಗೆಯನ್ನು ಒಳಮೈ ಹೊರಗೆ ಮಾಡಿ, ಕೊನೆಯ ಸಾಲಿನ ಮೇಲೆ ಬೆರಳು ಆಡಿಸಿದಳು. ಅವಳೂ ನೇಕಾರರ ಮನೆಯಲ್ಲಿ ಹುಟ್ಟಿದವಳು, ಅಂಥವರ ಬೆರಳಿಗೆ ಸುಳ್ಳು ಹೇಳಲಾಗುವುದಿಲ್ಲ. ಸಾಲು ಬಿಗಿಯಾಗಿ, ಒಂದು ಎಳೆ ಸಡಿಲವಿಲ್ಲದೆ, ಅಚ್ಚುಕಟ್ಟಾಗಿ ಮುಗಿದಿತ್ತು.

"ಮ್ಯಾಕಿ ಟೊಪ್ಪಿಗಿ ಮುಗಿಸಾಕ ಬರ್ತೈತಿ," ಎಂದಳು. "ತಂಗಿ ಶಾಲು ಮುಗಿಸಾಕ ಬರಂಗಿಲ್ಲ."

ಮಾವನವರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ಅದು ಥಂಡಿ ಬೆವರಲ್ಲ. ಅಡುಗೆಮನೆಯ ಬಾಗಿಲಲ್ಲಿ ನೀಲಮ್ಮತ್ತೆ ತಲೆ ತಗ್ಗಿಸಿ ನಿಂತಿದ್ದರು. ನಾಲ್ಕು ವರ್ಷ ಆ ಟೊಪ್ಪಿಗೆಯನ್ನು ದಿನಾ ಕೈಯಾರೆ ಕಟ್ಟಿದವಳು ನಾನು. ನನಗೆ ಆಗ ತಿಳಿಯಿತು. ನಮ್ಮ ಮನೆಯ ಚಳಿಗಾಲ ಗಾಳಿಯಿಂದ ಬರುತ್ತಿರಲಿಲ್ಲ, ಹರಿಗೋಲು ಬಿಟ್ಟಾರ ಎಂಬ ಮಾತಿನಿಂದ ಬರುತ್ತಿತ್ತು. ಶಾಲು ಮುಗಿದರೆ ನೀಲಮ್ಮತ್ತೆ ಬರುವುದು ಮುಗಿಯುತ್ತಿತ್ತು. ಅದನ್ನು ಮುಗಿಸಿರಿ ಮುಗಿಸಿರಿ ಎಂದು ಬೆನ್ನು ಹತ್ತಿದ್ದವಳು, ಅರ್ಧ ದಿನದ ದಾರಿಯ ತವರಿರುವ ನಾನು. ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಮುದುಕಿ ಕೂತಳು. ಟೊಪ್ಪಿಗೆ ಅವಳ ಮಡಿಲಲ್ಲೇ ಇತ್ತು. ಶಾಲಿನ ಸೆರಗನ್ನು ಹತ್ತಿರ ಎಳೆದುಕೊಂಡು ಕೆಂಪು ಅಂಚನ್ನು ಬಹಳ ಹೊತ್ತು ಸವರಿದಳು.

"ನಮ್ಮಣ್ಣ ರಾಜೋಳಿ ಊರಾಗ ಇದ್ದ," ಎಂದಳು. "ಅವನದೂ ಮಗ್ಗನ. ಕೈ ಭಾಳ ಚುರುಕು. ವರ್ಷಾ ನನಗೊಂದು ಸೀರಿ ಮುಗಿಸಿ, ಯಾರ ಕೈಯಾಗರ ಕೊಟ್ಟು ಕಳಸ್ತಿದ್ದ. ಸೀರಿ ಮನೀಗೇ ಬಂತಲ್ಲ, ನೀ ಯಾಕ ಹೋಗ್ತಿ ಅಂತಿದ್ಲು ನಮ್ಮತ್ತಿ. ಖರೇನ ಅಲ್ಲ? ಯಾಕ ಹೋಗಲಿ? ಅವ ಸತ್ತು ಹನ್ನೊಂದು ವರ್ಷ ಆತು. ಇಪ್ಪತ್ತು ಸೀರಿ ಅದಾವ ನನ್ನ ಪೆಟ್ಟಿಗ್ಯಾಗ. ಅವನ ಮಾರಿ ಹೆಂಗಿತ್ತು ಅಂತ ನೆನಪಿಲ್ಲ."

ಮುದುಕಿ ಮೂಗು ಒರೆಸಿಕೊಂಡು, ಮೊದಲಿನ ಗಡಸು ದನಿಯಲ್ಲೇ ಅಂದಳು:

"ಗಿಡ್ಡಾತು ಇದು. ಇಬ್ಬರಿಗೆ ಸಾಲಂಗಿಲ್ಲ. ಬರೋ ವರ್ಷ ಇಬ್ಬರೂ ಬಂದು ನೋಡ್ತೀವಿ, ಎಲ್ಲಿಗೆ ಬಂದೈತಿ ಅಂತ." ಟೊಪ್ಪಿಗೆಯನ್ನು ಮಾವನವರ ಮಡಿಲಿಗೆ ಎಸೆದಳು. "ಮೊದಲ ಇದನ್ನ ಬಿಚ್ಚು. ನನ್ನ ಮಗ ಬಂದಾನು, ಅವನಿಗೂ ಕಣ್ಣು ಅದಾವ."

ಮಾವನವರು ಟೊಪ್ಪಿಗೆಯ ಕೊನೆಯ ಗಂಟು ಹುಡುಕಿ ಎಳೆದರು. ಸಾಲು ಸಾಲಾಗಿ ಬಿಚ್ಚಿತು. ಬರಿತಲೆಯ ಮೇಕೆ ಹೊಸ್ತಿಲಲ್ಲಿ ನಿಂತು ತನ್ನ ಟೊಪ್ಪಿಗೆ ಉಂಡೆಯಾಗುವುದನ್ನು ನೋಡುತ್ತಿತ್ತು. ಆ ಉಣ್ಣೆಯನ್ನು ಶಾಲಿನ ಎಳೆಗೆ ಗಂಟು ಹಾಕಿ ಮಾವನವರು ಮತ್ತೆ ಹೆಣೆಯತೊಡಗಿದರು.

"ಥಂಡಿ ಭಾಳ ಐತ್ರಿ ಈ ಸಲ," ಎಂದರು, ತಲೆ ಎತ್ತದೆ.

ಹೊರಗೆ ನಡುಮಧ್ಯಾಹ್ನದ ಬಿಸಿಲು. ಮುದುಕಿ ಶಾಲಿನ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ಇನ್ನೊಂದು ಅಂಚನ್ನು ಬಾಗಿಲಲ್ಲಿದ್ದ ತನ್ನ ಸೊಸೆಯ ಕಡೆ ಚಾಚಿದಳು.

"ಹೌದು ತಮ್ಮಾ," ಎಂದಳು. "ಥಂಡಿ ಭಾಳ ಐತಿ."

ನಾನು ಹೋಗಿ ಕಿಟಕಿ ಮುಚ್ಚಿ, ಅಗ್ಗಿಷ್ಟಿಗೆ ತಂದಿಟ್ಟೆ.